ದೊರೊಸ್ಟೊಲೊನ್ 971: ಹತ್ತು ಸಾವಿರವೋ, ಅರವತ್ತು ಸಾವಿರವೋ, ಗೆದ್ದವರಾದರೂ ಯಾರು?

ಪ್ರಶ್ನೆ: ಕನ್ನಡದಲ್ಲಿ ಜಗತ್ತಿನ ಇತಿಹಾಸ ಹೇಳುವ ಸಣ್ಣ ವಿಡಿಯೊ ಚಾನೆಲ್ ನಡೆಸುತ್ತೇನೆ. ಮುಂದಿನ ಕಂತಿಗೆ 971ರಲ್ಲಿ ಡ್ಯಾನ್ಯೂಬ್ ದಡದ ದೊರೊಸ್ಟೊಲೊನ್‌ನಲ್ಲಿ ಬೈಜಾಂಟೈನ್ ಚಕ್ರವರ್ತಿ ಜಾನ್ ತ್ಸಿಮಿಸ್ಕೆಸ್‌ಗೂ ಕೀವ್‌ನ ದೊರೆ ಸ್ವ್ಯಾತೊಸ್ಲಾವ್‌ಗೂ ನಡೆದ ಯುದ್ಧವನ್ನು ಆರಿಸಿಕೊಂಡಿದ್ದೇನೆ. ಓದಿದಷ್ಟೂ ಗೊಂದಲ. ಒಂದು ಕಡೆ ರುಸ್ (ಕೀವ್ ದೊರೆಯ ಜನ) ಸೈನ್ಯ 10,000, ಗ್ರೀಕರು (ಅಂದರೆ ಬೈಜಾಂಟೈನರು) 1,00,000, ಆದರೂ ಗೆದ್ದದ್ದು ರುಸ್ ಎಂದಿದೆ. ಇನ್ನೊಂದು ಕಡೆ ರುಸ್ 60,000, ಅವರಲ್ಲಿ ಸತ್ತವರು 38,000, ಕೊನೆಯ ದಿನ ಬೈಜಾಂಟೈನ್ ಕಡೆ ಸತ್ತವರು ಬರೀ 350 ಎಂದಿದೆ. ಗ್ರೀಕ್ ಬೆಂಕಿಯಿಂದ (ಹಡಗಿನ ಕೊಳವೆಯಿಂದ ಉಗುಳುವ ಉರಿಯುವ ದ್ರವದಿಂದ) ರುಸ್ ದೋಣಿಗಳನ್ನೆಲ್ಲ ಸುಟ್ಟರು, ಹೆಂಗಸರೂ ಕಾದಾಡಿದರು, ಚಕ್ರವರ್ತಿಯೇ ಹಣ ಕೊಟ್ಟು ಸ್ವ್ಯಾತೊಸ್ಲಾವ್‌ನನ್ನು ವಾಪಸು ಹೋಗುವ ದಾರಿಯಲ್ಲಿ ಕೊಲ್ಲಿಸಿದ ಎಂದೆಲ್ಲ ಇದೆ. ಯಾವುದನ್ನು ಹೇಳಲಿ, ಯಾವುದನ್ನು ಬಿಡಲಿ? ತಪ್ಪಿದರೆ ನೋಡುಗರು ಕಾಮೆಂಟಿನಲ್ಲಿ ಬಿಡುವುದಿಲ್ಲ.

ಉತ್ತರ: ನಿಮ್ಮ ಗೊಂದಲಕ್ಕೆ ಕಾರಣ ನೀವಲ್ಲ. ಈ ಯುದ್ಧದ ಕಥೆ ನಮಗೆ ಮುಖ್ಯವಾಗಿ ಮೂವರ ಕೈಯಿಂದ ಬಂದಿದೆ, ಮೂವರಿಗೂ ಹೇಳಬೇಕಾದದ್ದು ಬೇರೆ ಬೇರೆ ಇತ್ತು. ಯಾವ ಮಾತು ಯಾರದ್ದು ಎಂದು ವಿಂಗಡಿಸಿಕೊಂಡರೆ ಅರ್ಧ ತಲೆನೋವು ಅಲ್ಲೇ ಮುಗಿಯುತ್ತದೆ.

ಮೊದಲನೆಯವನು ಲಿಯೊ ಡೀಕನ್. ಕಾನ್‌ಸ್ಟಾಂಟಿನೋಪಲ್‌ನ ಪಾದ್ರಿ, ಯುದ್ಧ ನಡೆದಾಗ ಇಪ್ಪತ್ತರ ಆಸುಪಾಸಿನ ಯುವಕ. ದೊರೊಸ್ಟೊಲೊನ್‌ಗೆ ಹೋದವನಲ್ಲ, ಕೇಳಿ ತಿಳಿದದ್ದನ್ನು ಆ ಶತಮಾನ ಮುಗಿಯುವ ಹೊತ್ತಿಗೆ ಬರೆದ. ಎರಡನೆಯವನು ಜಾನ್ ಸ್ಕೈಲಿಟ್ಜೆಸ್. ಸುಮಾರು ನೂರು ವರ್ಷ ತಡವಾಗಿ, ಹಳೆಯ ಬರಹಗಳನ್ನು ಜೋಡಿಸಿ ಬರೆದವನು. ಮೂರನೆಯದು ಕೀವ್‌ನ ಮಠದಲ್ಲಿ 12ನೇ ಶತಮಾನದ ಆರಂಭಕ್ಕೆ ರೂಪುಗೊಂಡ ರುಸ್ ವೃತ್ತಾಂತ. ನಿಮ್ಮ '10,000ಕ್ಕೆ 1,00,000' ಲೆಕ್ಕ ಬಂದದ್ದು ಈ ಮೂರನೆಯದರಿಂದ. 60,000, 38,000, 350 ಬಂದದ್ದು ಲಿಯೊನಿಂದ. ಒಬ್ಬರ ಆರಂಭವನ್ನು ಇನ್ನೊಬ್ಬರ ಕೊನೆಗೆ ಅಂಟಿಸಿದ ಬರಹಗಳೇ ಹೆಚ್ಚು ಓಡಾಡುತ್ತಿವೆ. ಗೋಜಲು ಶುರುವಾಗುವುದೇ ಅಲ್ಲಿ.

ಯುದ್ಧಕ್ಕೆ ಕಾರಣವಾದ ಎಡವಟ್ಟನ್ನು ಮೊದಲ ಎರಡು ನಿಮಿಷದಲ್ಲಿ ಹೇಳಿಬಿಡಿ, ಇಲ್ಲದಿದ್ದರೆ ಕೀವ್‌ನವನು ಬಲ್ಗೇರಿಯದಲ್ಲಿ ಏನು ಮಾಡುತ್ತಿದ್ದ ಎಂಬುದೇ ತಿಳಿಯುವುದಿಲ್ಲ. ಅವನನ್ನು ಕರೆಸಿದ್ದೇ ಬೈಜಾಂಟೈನರು. ಹಿಂದಿನ ಚಕ್ರವರ್ತಿ ನಿಕೆಫೊರೊಸ್ ಫೋಕಾಸ್ ಬಲ್ಗೇರಿಯವನ್ನು ಹಿಂದಿನಿಂದ ಕುಟ್ಟಿಸಲು ಕಲೊಕಿರೊಸ್ ಎಂಬ ದೂತನ ಕೈಯಲ್ಲಿ 1,500 ಪೌಂಡ್ ಚಿನ್ನ ಕೊಟ್ಟು ಸ್ವ್ಯಾತೊಸ್ಲಾವ್ ಬಳಿಗೆ ಕಳಿಸಿದ. ಬಂದವನಿಗೆ ಜಾಗ ಹಿಡಿಸಿತು. ಡ್ಯಾನ್ಯೂಬ್ ದಡದ ಪೆರೆಯಾಸ್ಲಾವೆಟ್ಸ್‌ಗೆ ಗ್ರೀಕರಿಂದ ಚಿನ್ನ, ರೇಷ್ಮೆ, ದ್ರಾಕ್ಷಾರಸ, ಹಣ್ಣು ಬರುತ್ತವೆ. ಚೆಕ್ ಮತ್ತು ಹಂಗೇರಿಯನ್ ನಾಡುಗಳಿಂದ ಬೆಳ್ಳಿ, ಕುದುರೆ. ರುಸ್‌ನಿಂದ ತುಪ್ಪಟದ ಚರ್ಮ, ಮೇಣ, ಜೇನು, ಗುಲಾಮರು. ನನ್ನ ನಾಡಿನ ನಡುಮಧ್ಯ ಇದೇ ಎಂದು ಅವನು ತಾಯಿ ಓಲ್ಗಾಗೆ ಹೇಳಿದನೆಂದು ರುಸ್ ವೃತ್ತಾಂತ ಬರೆಯುತ್ತದೆ. ಕೂಲಿಗೆಂದು ಬಂದವನು ಮನೆಯ ಜಗಲಿ ಮೇಲೆ ಹಾಸಿಗೆ ಬಿಚ್ಚಿದ ಹಾಗಾಯಿತು. ಅಷ್ಟರಲ್ಲಿ 969ರ ಡಿಸೆಂಬರಿನಲ್ಲಿ ನಿಕೆಫೊರೊಸ್‌ನ ಕೊಲೆಯಾಯಿತು. ಕೊಂದ ಗುಂಪಿನ ಮುಖಂಡ ತ್ಸಿಮಿಸ್ಕೆಸ್ ಸಿಂಹಾಸನ ಏರಿದ, ಹಿಂದಿನವನು ಕರೆದ ಅತಿಥಿಯನ್ನು ಓಡಿಸುವ ಕೆಲಸ ಅವನ ತಲೆಗೆ ಬಂತು.

ಇನ್ನು ಸಂಖ್ಯೆಗಳು. ಲಿಯೊನ 60,000ವನ್ನು ಅವನ ಬರಹದೊಳಗೇ ಪರೀಕ್ಷಿಸಬಹುದು. ಸ್ವ್ಯಾತೊಸ್ಲಾವ್ ಮೊದಲ ಸಲ ಬಲ್ಗೇರಿಯಕ್ಕೆ ಹೊರಟಾಗ ಅವನ ಜೊತೆ 60,000 ಮಂದಿ ಇದ್ದರು ಎನ್ನುತ್ತಾನೆ ಲಿಯೊ. 970ರಲ್ಲಿ ಅರ್ಕಾಡಿಯೊಪೊಲಿಸ್ ಬಳಿ ಬೈಜಾಂಟೈನ್ ಸೇನಾಪತಿ ಬಾರ್ಡಾಸ್ ಸ್ಕ್ಲೆರೊಸ್ ರುಸ್ ಕಡೆಯ 20,000ಕ್ಕೂ ಹೆಚ್ಚು ಜನರನ್ನು ಕೊಂದ ಎಂದೂ ಅವನೇ ಹೇಳುತ್ತಾನೆ. ಮುಂದಿನ ವರ್ಷ ಬಲ್ಗೇರಿಯದ ರಾಜಧಾನಿ ಪ್ರೆಸ್ಲಾವ್ ಬಿದ್ದಾಗ ಇನ್ನಷ್ಟು ಸಾವಿರ. ಇಷ್ಟೆಲ್ಲ ಆದ ಮೇಲೆ ದೊರೊಸ್ಟೊಲೊನ್ ಮುಂದೆ ಸ್ವ್ಯಾತೊಸ್ಲಾವ್ ನಿಲ್ಲಿಸಿದ ಸೈನ್ಯ ಎಷ್ಟು? ಮತ್ತೆ ಅದೇ 60,000. ಕೊನೆಗೆ ಉಳಿದವರು 22,000, ಆದ್ದರಿಂದ ಸತ್ತವರು 38,000. ಕೂಡಿದರೆ ಸರಿಯಾಗಿ 60,000 ಬರುತ್ತದೆ. ಯುದ್ಧಭೂಮಿಯಲ್ಲಿ ಹೆಣ ಎಣಿಸಿದ ಲೆಕ್ಕ ಇಷ್ಟು ನುಣ್ಣಗೆ ಕೂಡಿಬರುವುದಿಲ್ಲ. ಒಂದು ಸಂಖ್ಯೆಯಿಂದ ಇನ್ನೊಂದನ್ನು ಕಳೆದು ಮೂರನೆಯದನ್ನು ಬರೆದಾಗ ಮಾತ್ರ ಹಾಗಾಗುತ್ತದೆ.

ಹೊಟ್ಟೆಯ ಲೆಕ್ಕವನ್ನೂ ಹಾಕಿ ನೋಡಿ. ಕಾದಾಡುವ ಆಳಿಗೆ ದಿನಕ್ಕೆ ಹೆಚ್ಚುಕಡಿಮೆ ಒಂದು ಕಿಲೊ ಧಾನ್ಯ ಬೇಕು. 60,000 ಜನಕ್ಕೆ ದಿನಕ್ಕೆ 60 ಟನ್. ಎರಡು ತಿಂಗಳಿಗೆ 3,600 ಟನ್. ನದಿಯನ್ನು ಶತ್ರು ನೌಕೆ ಮುಚ್ಚಿರುವಾಗ ಒಂದೇ ಕೋಟೆಯೊಳಗೆ ಇಷ್ಟನ್ನು ಕೂಡಿಡುವುದು ಹೇಗೆ? ದೋಣಿಗೆ 40 ಆಳಿನಂತೆ ಅಷ್ಟು ಜನರನ್ನು ತರಲು 1,500 ದೋಣಿ ಬೇಕು. ಸ್ಕೈಲಿಟ್ಜೆಸ್ ಅಂತೂ ಅರ್ಕಾಡಿಯೊಪೊಲಿಸ್‌ನಲ್ಲೇ ಶತ್ರುಗಳು 3,08,000 ಎಂದು ಬರೆದ. ಅಲ್ಲಿ ಸ್ಕ್ಲೆರೊಸ್ ಕಡೆ ಇದ್ದವರು ಲಿಯೊ ಪ್ರಕಾರ 10,000, ಸ್ಕೈಲಿಟ್ಜೆಸ್ ಪ್ರಕಾರ 12,000. ನೂರು ವರ್ಷದ ಅಂತರದಲ್ಲಿ ಬೈಜಾಂಟೈನರ ಸಂಖ್ಯೆ ಹೆಚ್ಚು ಬದಲಾಗಲಿಲ್ಲ, ಶತ್ರುವಿನದು ಮಾತ್ರ ಹತ್ತು ಪಟ್ಟು ಉಬ್ಬಿತು ಎಂಬುದನ್ನು ಗಮನಿಸಿ. ಆ ಕಾಳಗದಲ್ಲಿ ಸತ್ತ ಬೈಜಾಂಟೈನರು 55 ಎನ್ನುವುದೂ ಇದೇ ಜಾತಿಯ ಮಾತು. ಗಾಯಗೊಂಡವರು ಅನೇಕ, ಕುದುರೆಗಳಲ್ಲಿ ಬಹುಪಾಲು ಸತ್ತವು ಎಂದು ಲಿಯೊ ಅಲ್ಲೇ ಸೇರಿಸುತ್ತಾನೆ. ಕುದುರೆಗಳು ಹಾಗೆ ಸಾಯುವ ಕಡೆ ಸವಾರರು 55ಕ್ಕೆ ನಿಲ್ಲುವುದಿಲ್ಲ.

ರುಸ್ ವೃತ್ತಾಂತದ 10,000 ಕೂಡ ಮುಗ್ಧ ಸಂಖ್ಯೆಯಲ್ಲ. ಕಥೆ ಹೀಗಿದೆ: ತಲೆಗಿಷ್ಟು ಎಂದು ಕಪ್ಪ ಕೊಡುತ್ತೇವೆ, ನೀವೆಷ್ಟು ಜನ ಹೇಳಿ ಎಂದು ಗ್ರೀಕರು ಕೇಳುತ್ತಾರೆ. ಇದ್ದದ್ದು 10,000, ಸ್ವ್ಯಾತೊಸ್ಲಾವ್ 20,000 ಎನ್ನುತ್ತಾನೆ. ಗ್ರೀಕರು 1,00,000 ಜನರನ್ನು ತಂದು ನಿಲ್ಲಿಸುತ್ತಾರೆ. ಜಾಣ ಮೋಸ, ಪ್ರತಿಮೋಸ, ಆಮೇಲೆ ವೀರರ ಗೆಲುವು: ಇದು ಜನಪದ ಕಥೆಯ ನಡಿಗೆ. ಶಾಸನ ಓದಿ ರೂಢಿಯಿರುವ ಕನ್ನಡಿಗರಿಗೆ ಇದು ಹೊಸದೇನಲ್ಲ. ಗಂಗವಾಡಿ 96000, ಬನವಾಸಿ 12000 ಎಂದಾಗ ಯಾರೂ ಹಳ್ಳಿಗಳನ್ನು ಒಂದೊಂದಾಗಿ ಎಣಿಸಲು ಹೋಗುವುದಿಲ್ಲವಲ್ಲ.

ಹಾಗಾದರೆ ಪರದೆಯ ಮೇಲೆ ಯಾವ ಅಂಕಿ ಹಾಕುವುದು? ನಿಮ್ಮ ಮುಂದೆ ಮೂರು ದಾರಿ ಇವೆ. ಮೂಲದ ಅಂಕಿಯನ್ನೇ ಹಾಕಿ 'ಲಿಯೊ ಹೇಳುವಂತೆ' ಎಂದು ಜೊತೆಗೆ ನುಡಿಯುವುದು ಒಂದು. ಇದರ ಅಪಾಯವೆಂದರೆ ನೋಡುಗರು ಅಂಕಿಯನ್ನು ನೆನಪಿಡುತ್ತಾರೆ, 'ಹೇಳುವಂತೆ'ಯನ್ನು ಮರೆಯುತ್ತಾರೆ. ಯಾವುದಾದರೂ ಈಗಿನ ಅಂದಾಜನ್ನು ಎತ್ತಿಕೊಂಡು ಖಚಿತ ಸಂಖ್ಯೆಯಂತೆ ತೋರಿಸುವುದು ಇನ್ನೊಂದು. ಅಂದಾಜುಗಳು ಒಂದರಿಂದೊಂದಕ್ಕೆ ತುಂಬ ಬೇರೆಯಾಗುತ್ತವೆ, ಒಂದನ್ನು ಹಿಡಿದರೆ ಉಳಿದದ್ದನ್ನು ಓದಿದವರು ನಿಮ್ಮನ್ನು ಹಿಡಿಯುತ್ತಾರೆ. ಮೂರನೆಯದು, ಕೆಲಸಕ್ಕೆ ಸಂಬಂಧಪಟ್ಟ ಸಣ್ಣ ಸಂಖ್ಯೆಗಳ ಮೇಲೆ ಕಥೆ ಕಟ್ಟುವುದು. ನಾನು ಹೇಳುವುದು ಇದನ್ನೇ. ಚಕ್ರವರ್ತಿ ಮುಂಚೂಣಿಯಲ್ಲಿ ಕರೆದೊಯ್ದದ್ದು 15,000 ಕಾಲಾಳು, 13,000 ರಾವುತರು ಎನ್ನುತ್ತಾನೆ ಲಿಯೊ. ಉಳಿದ ದಂಡು, ಕೋಟೆ ಒಡೆಯುವ ಯಂತ್ರ, ಸರಂಜಾಮು ಬೆಸಿಲ್ ಎಂಬ ಅರಮನೆಯ ಹಿರಿಯ ಅಧಿಕಾರಿಯ ಜೊತೆ ಹಿಂದಿನಿಂದ ಬಂದವು. ಸ್ವಂತ ಸೈನ್ಯದ ಸಂಖ್ಯೆಯನ್ನು ಉಬ್ಬಿಸುವುದರಿಂದ ಬರಹಗಾರನಿಗೆ ಲಾಭವಿಲ್ಲ, ಅದಕ್ಕೇ ಇಂಥವು ಹೆಚ್ಚು ನಂಬಲರ್ಹ. ಯುದ್ಧ ಮುಗಿದ ಮೇಲೆ 22,000 ಜನರಿಗೆ ತಲೆಗೆ ಎರಡು ಅಳತೆಯಂತೆ ಧಾನ್ಯ ಹಂಚಿದರು ಎಂಬ ಮಾತೂ ಹಾಗೆಯೇ; ಹಂಚಿಕೆಗೆ ತಲೆ ಎಣಿಸಲೇಬೇಕು. ಅದೂ ಸ್ವಲ್ಪ ಉಬ್ಬಿರಬಹುದು, ಆದರೆ ಉಳಿದವುಗಳಷ್ಟಲ್ಲ. ಆ ಅಳತೆಯನ್ನು ಆಗಿನ ಮೋದಿಯೊಸ್ ಎಂದು ಹಿಡಿದರೆ ತಲೆಗೆ ಸುಮಾರು 25 ಕಿಲೊ, ಅಂದರೆ ಮೂರೂವರೆ ವಾರದ ಊಟ. ನದಿಯ ಮೇಲೆ ಮನೆ ಕಡೆ ಹೊರಟವನ ಬುತ್ತಿ ಅದು, ಅದರಾಚೆಗೆ ಸಾಲದು. ಈ ಬುತ್ತಿ ಮುಂದೆ ಮತ್ತೆ ಬರುತ್ತದೆ.

ಈಗ ಕಾಳಗ. ಜನಪ್ರಿಯ ವಿಡಿಯೊಗಳಲ್ಲಿ ಎಲ್ಲರೂ ಕೊನೆಯ ದಿನಕ್ಕೆ ಓಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಈ ಯುದ್ಧ ಇತ್ಯರ್ಥವಾದದ್ದು ಏಪ್ರಿಲ್‌ನಲ್ಲಿ, ಕತ್ತಿ ತಾಗುವ ಮೊದಲೇ. ತ್ಸಿಮಿಸ್ಕೆಸ್ ಎರಡು ಕೆಲಸ ಮಾಡಿದ. ಬೆಂಕಿ ಕಾರುವ ಹಡಗುಗಳೂ ಸರಕು ಹಡಗುಗಳೂ ಸೇರಿ 300 ನೌಕೆಗಳನ್ನು ಕಪ್ಪುಸಮುದ್ರದಿಂದ ಡ್ಯಾನ್ಯೂಬ್ ಬಾಯಿಗೆ ಕಳಿಸಿ ರುಸ್‌ಗಳ ಮನೆದಾರಿ ಮುಚ್ಚಿಸಿದ. ತಾನು ಬಾಲ್ಕನ್ ಬೆಟ್ಟದ ಕಣಿವೆದಾರಿಗಳನ್ನು ಈಸ್ಟರ್‌ಗೆ ಮುಂಚಿನ ಪವಿತ್ರ ವಾರದಲ್ಲಿ ದಾಟಿದ. ಹಬ್ಬದ ವಾರದಲ್ಲಿ ಕ್ರೈಸ್ತ ಚಕ್ರವರ್ತಿ ಯುದ್ಧಕ್ಕೆ ಹೊರಡುವುದಿಲ್ಲ ಎಂದು ಶತ್ರು ನಂಬಿರುತ್ತಾನೆ ಎಂಬುದೇ ಅವನ ಲೆಕ್ಕ. ಆ ಕಿರಿದಾದ ದಾರಿಗಳಲ್ಲಿ ಕಾವಲೇ ಇರಲಿಲ್ಲ. ಅಲ್ಲಿ ಕೆಲವು ನೂರು ಗುರಾಣಿ ಅಡ್ಡ ನಿಂತಿದ್ದರೂ 13,000 ಕುದುರೆ ಕೆಲಸಕ್ಕೆ ಬರುತ್ತಿರಲಿಲ್ಲ. ಸ್ವ್ಯಾತೊಸ್ಲಾವ್‌ನ ದೊಡ್ಡ ತಪ್ಪು ಇದೇ, ಇದನ್ನು ಹೇಳದ ವಿಡಿಯೊ ಅರ್ಧ ಕಥೆ ಹೇಳಿದಂತೆ. ಈಸ್ಟರ್ 16 ಏಪ್ರಿಲ್‌ಗೆ ಬಿದ್ದಿತ್ತು. ಹಬ್ಬಕ್ಕೆ ಮೊದಲೇ ಬಲ್ಗೇರಿಯದ ರಾಜಧಾನಿ ಪ್ರೆಸ್ಲಾವ್‌ನ ಗೋಡೆ ಏರಿಯಾಗಿತ್ತು, ಅರಮನೆಯೊಳಗೆ ಸೇರಿಕೊಂಡವರನ್ನು ಬೆಂಕಿ ಹಚ್ಚಿ ಹೊರಗೆಳೆದಾಗಿತ್ತು. 23 ಏಪ್ರಿಲ್, ಸಂತ ಜಾರ್ಜ್ ಹಬ್ಬದ ದಿನ, ಚಕ್ರವರ್ತಿ ದೊರೊಸ್ಟೊಲೊನ್ ಮುಂದಿದ್ದ.

ಅಲ್ಲಿ ಎದುರಾದದ್ದು ಎರಡು ಬಗೆಯ ಯುದ್ಧವಿದ್ಯೆ. ರುಸ್‌ಗಳು ಕಾಲಾಳುಗಳು. ಪಾದದವರೆಗೆ ಬರುವ ಗುರಾಣಿಗಳನ್ನು ಒಂದಕ್ಕೊಂದು ಒತ್ತಿ ಗೋಡೆ ಕಟ್ಟಿ, ಮೇಲಿಂದ ಈಟಿ ಚಾಚಿ ನಿಲ್ಲುವವರು. ಕುದುರೆಗೆ ಬುದ್ಧಿಯಿದೆ: ಅಲುಗಾಡದ ಈಟಿ ಬೇಲಿಗೆ ಅದು ಎದೆ ಕೊಡುವುದಿಲ್ಲ. ಸಿನಿಮಾದಲ್ಲಿ ತೋರಿಸುವಂತೆ ಓಡಿಬಂದು ಗೋಡೆಯನ್ನು ಒಡೆದುಹಾಕುವುದು ನಡೆಯುವ ಮಾತಲ್ಲ. ಗೋಡೆ ಬಿರುಕು ಬಿಡುವುದು ಜನ ದಣಿದಾಗ, ಬಾಣಕ್ಕೆ ಆಳು ಬಿದ್ದು ಸಂದು ಆದಾಗ, ಇಲ್ಲವೇ ಶತ್ರು ಓಡಿದನೆಂದು ನಂಬಿ ಸಾಲು ಬಿಟ್ಟು ಮುಂದೆ ನುಗ್ಗಿದಾಗ. ಹಾಗಾಗಿಯೇ ಬೈಜಾಂಟೈನ್ ಪದ್ಧತಿಯಲ್ಲಿ ಮೂರು ಕೆಲಸ ಒಂದರ ಹಿಂದೊಂದು ಬರುತ್ತಿದ್ದವು: ಬಿಲ್ಲು ಮತ್ತು ಕವಣೆಯಿಂದ ಸಾಲನ್ನು ಕೆಡಿಸುವುದು, ಕಾಲಾಳು ದಂಡಿನಿಂದ ಹಿಡಿದು ನಿಲ್ಲಿಸುವುದು, ಕೊನೆಗೆ ಭಾರಿ ರಾವುತರನ್ನು ಬಿಡುವುದು. ಆ ಭಾರಿ ರಾವುತರ ಬೆಣೆಯ ಲೆಕ್ಕ ನಿಕೆಫೊರೊಸ್ ಫೋಕಾಸ್‌ನ ಹೆಸರಿನ ಯುದ್ಧ ಕೈಪಿಡಿಯಲ್ಲಿದೆ: ಮೊದಲ ಸಾಲಿಗೆ 20, ಮುಂದಿನ ಒಂದೊಂದು ಸಾಲಿಗೂ 4 ಹೆಚ್ಚು, ಹನ್ನೆರಡನೇ ಸಾಲಿಗೆ 64, ಒಟ್ಟು 504; ಅವರಲ್ಲಿ 150 ಮಂದಿ ಬಿಲ್ಲುಗಾರರು. ಮುಂದಿನವರ ಕೈಯಲ್ಲಿ ಕಬ್ಬಿಣದ ಗದೆ, ಕುದುರೆಗಳಿಗೂ ಕವಚ. ನಾಗಾಲೋಟ ಬೇಡ, ಒಟ್ಟಾಗಿ ನಡೆಯಿರಿ ಎಂಬುದೇ ಅದರ ಜೀವಾಳ. ದೊರೊಸ್ಟೊಲೊನ್‌ನಲ್ಲಿ ಇದೇ ಅಳತೆಯ ಬೆಣೆ ನಿಂತಿತ್ತು ಎಂದು ಯಾವ ಮೂಲವೂ ಹೇಳುವುದಿಲ್ಲ. ಚಿತ್ರ ಬಿಡಿಸುವಾಗ 'ಆ ಕಾಲದ ಪದ್ಧತಿ' ಎಂದಷ್ಟೇ ಬರೆಯಿರಿ.

ಮೊದಲ ದಿನದ ಕಾಳಗ ಸಂಜೆಯವರೆಗೆ ತೂಗುಯ್ಯಾಲೆ. ಕತ್ತಲಾಗುವ ಹೊತ್ತಿಗೆ ರಾವುತರ ಕೊನೆಯ ನುಗ್ಗಾಟಕ್ಕೆ ರುಸ್‌ಗಳು ಹಿಂದೆ ಸರಿದು ಕೋಟೆ ಸೇರಿದರು. ಅದಾದ ಮೇಲೆ ರುಸ್‌ಗಳೂ ಕುದುರೆ ಏರಿ ಹೊರಬಂದು ನೋಡಿದರು. ಲಿಯೊ ಅದನ್ನು ಗೇಲಿ ಮಾಡುತ್ತಾನೆ: ಅವರಿಗೆ ಕುದುರೆ ಮೇಲೆ ಕಾದುವ ಅಭ್ಯಾಸವೇ ಇರಲಿಲ್ಲ, ಬೇಗ ಓಟ ಕಿತ್ತರು. ಚಕ್ರವರ್ತಿ ಸ್ವಲ್ಪ ದೂರದ ದಿಬ್ಬದ ಮೇಲೆ ಬೀಡು ಬಿಟ್ಟು, ಸುತ್ತ ಕಂದಕ ತೋಡಿಸಿ, ಅಗೆದ ಮಣ್ಣಿನ ಒಡ್ಡಿನ ಮೇಲೆ ಈಟಿ ನೆಟ್ಟು ಗುರಾಣಿ ತೂಗುಹಾಕಿಸಿದ. ಕೋಟೆಯವರೂ ತಮ್ಮ ಗೋಡೆ ಸುತ್ತ ಕಂದಕ ತೋಡಿಕೊಂಡರು. ಒಂದು ಗುಡುಗುಮಳೆಯ ಕತ್ತಲ ರಾತ್ರಿ 2,000 ರುಸ್‌ಗಳು ದೋಣಿಗಳಲ್ಲಿ ನುಸುಳಿ ಧಾನ್ಯ ಹುಡುಕಿ ತಂದರು, ಬರುವಾಗ ದಡದಲ್ಲಿ ಕುದುರೆಗೆ ನೀರು ಕುಡಿಸುತ್ತಿದ್ದ, ಹುಲ್ಲು ಸೌದೆ ಹೊರುತ್ತಿದ್ದ ಬೈಜಾಂಟೈನ್ ಆಳುಗಳನ್ನೂ ಕೊಂದರು. ನೌಕಾ ನಾಯಕರ ಮೇಲೆ ಚಕ್ರವರ್ತಿ ಕೆಂಡ ಕಾರಿದ. ಇಂಥ ವಿವರ ಕಥೆಗಾರ ಸುಮ್ಮನೆ ಕಟ್ಟುವುದಿಲ್ಲ. ತನ್ನವರ ಮರ್ಯಾದೆ ಕಳೆಯುವ ಸುದ್ದಿ ಇದು. ಕೋಟೆಯೊಳಗೆ ಹಸಿವು ಶುರುವಾಗಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು.

ಗ್ರೀಕ್ ಬೆಂಕಿಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ರುಸ್ ದೋಣಿಗಳನ್ನು ಆ ಬೆಂಕಿಯಿಂದ ಗುಂಪು ಗುಂಪಾಗಿ ಸುಟ್ಟದ್ದು 941ರಲ್ಲಿ, ಸ್ವ್ಯಾತೊಸ್ಲಾವ್‌ನ ಅಪ್ಪ ಇಗೊರ್ ಕಾನ್‌ಸ್ಟಾಂಟಿನೋಪಲ್ ಮೇಲೆ ಬಂದಾಗ; ಮೂಲೆಗೆ ಬಿದ್ದಿದ್ದ 15 ಹಳೆಯ ಹಡಗುಗಳನ್ನು ರಿಪೇರಿ ಮಾಡಿಸಿ ಥಿಯೊಫಾನೆಸ್ ಎಂಬ ಅಧಿಕಾರಿ ಆ ಕೆಲಸ ಮಾಡಿದ. 971ರಲ್ಲಿ ಆ ಹಡಗುಗಳು ನದಿಯಲ್ಲಿ ನಿಂತವು, ಅಷ್ಟೇ. ಅವನ್ನು ಕಂಡದ್ದೇ ತಡ ರುಸ್‌ಗಳು ತಮ್ಮ ದೋಣಿಗಳನ್ನು ಕೋಟೆ ಗೋಡೆಯ ಬುಡಕ್ಕೆ, ಮೇಲಿನ ಬಾಣದ ಆಸರೆಗೆ ಎಳೆದುಕೊಂಡರು. ಅಪ್ಪನ ಕಾಲದ ಸುಟ್ಟ ಗಾಯ ಹಿರಿಯರ ಬಾಯಲ್ಲಿ ಇನ್ನೂ ಇತ್ತು. ಬೆಂಕಿ ಉಗುಳುವ ಕೊಳವೆಯ ಅಳವು ಚಿಕ್ಕದು, ಬಾಣದ ಅಳವು ದೊಡ್ಡದು. ಹಡಗು ಹತ್ತಿರ ಹೋಗಲಾರದು, ದೋಣಿ ಹೊರಗೆ ಬರಲಾರದು. ನದಿಯುದ್ದ ಉರಿಯುವ ದೋಣಿಗಳ ಗ್ರಾಫಿಕ್ಸ್ ಮಾಡಿಸಿದ್ದರೆ ತೆಗೆದುಬಿಡಿ, ಅಥವಾ 941ಕ್ಕೆ ಹಾಕಿ.

ಹೆಂಗಸರು? ಹೆಣಗಳ ಕವಚ ಬಿಚ್ಚುವಾಗ ಗಂಡುಡುಗೆಯಲ್ಲಿ ಕಾದಿ ಸತ್ತ ಹೆಂಗಸರೂ ಕಂಡರು ಎಂದು ಸ್ಕೈಲಿಟ್ಜೆಸ್ ಒಂದು ಸಾಲು ಬರೆಯುತ್ತಾನೆ. ಇರುವುದು ಅಷ್ಟೇ. ಅಸಾಧ್ಯವೇನಲ್ಲ, ಆದರೆ ಒಂದು ಸಾಲಿನಿಂದ 'ಹೆಣ್ಣು ಪಡೆ' ಕಟ್ಟಬೇಡಿ. ಹುಣ್ಣಿಮೆ ರಾತ್ರಿ ಸತ್ತವರನ್ನು ಸುಟ್ಟು, ಸೆರೆಯವರನ್ನು ಬಲಿಕೊಟ್ಟು, ಕೂಸುಗಳನ್ನೂ ಹುಂಜಗಳನ್ನೂ ನದಿಗೆ ಮುಳುಗಿಸಿದರು ಎಂಬ ಲಿಯೊನ ಮಾತನ್ನೂ ಅವನ ಹೆಸರಿನಲ್ಲೇ ಹೇಳಿ. ಪಾದ್ರಿಯೊಬ್ಬ ಬೇರೆ ಧರ್ಮದವರ ಬಗ್ಗೆ ಬರೆದದ್ದು ಎಂಬುದನ್ನು ನೋಡುಗರೇ ತೂಗಿಕೊಳ್ಳಲಿ.

ಜುಲೈಗೆ ಬಂದರೆ ಎರಡೂ ಕಡೆಯವರು ಇಕ್ಕಟ್ಟಿಗೆ ಸಿಕ್ಕಿದ್ದಾರೆ. ಚಕ್ರವರ್ತಿಗೆ ಕಾಯುವಷ್ಟು ಸಮಯವಿಲ್ಲ. ಅವನು ಇಲ್ಲಿರುವಾಗ ಹಿಂದಿನ ಚಕ್ರವರ್ತಿಯ ತಮ್ಮ ಲಿಯೊ ಫೋಕಾಸ್ ರಾಜಧಾನಿಯಲ್ಲಿ ದಂಗೆಗೆ ಕೈಹಾಕಿ ಸಿಕ್ಕಿಬಿದ್ದಿದ್ದ. ಹಿಂದಿನ ವರ್ಷ ಅದೇ ಮನೆತನದ ಬಾರ್ಡಾಸ್ ಫೋಕಾಸ್ ದಂಗೆ ಎದ್ದಿದ್ದನ್ನು ಅಡಗಿಸಲು ಸ್ಕ್ಲೆರೊಸ್‌ನನ್ನೇ ಈ ಗಡಿಯಿಂದ ಕರೆಸಿಕೊಳ್ಳಬೇಕಾಗಿತ್ತು. ಕೋಟೆಯನ್ನು ಹಸಿವಿನಿಂದ ಕೆಡವುವುದು ಅಗ್ಗ, ಆದರೆ ನಿಧಾನ. ಗೋಡೆ ಏರುವುದು ವೇಗ, ಆದರೆ ಕಂದಕದಾಚೆ ಗುರಾಣಿ ಗೋಡೆಯ ಮುಂದೆ ತನ್ನ ಒಳ್ಳೆಯ ಕಾಲಾಳುಗಳು ಕರಗುತ್ತಾರೆ. ಅವನಿಗೆ ಬೇಕಿದ್ದದ್ದು ಶತ್ರು ತಾನಾಗಿ ಬಯಲಿಗೆ ಬರುವುದು. ಅಷ್ಟರಲ್ಲಿ ಕವಣೆಯಂತ್ರಗಳ ಉಸ್ತುವಾರಿಯ ಜಾನ್ ಕುರ್ಕುವಾಸ್ ಊಟದ ಜೊತೆ ಕುಡಿದ ಮತ್ತಿನಲ್ಲೇ ಕುದುರೆ ಏರಿ ಎದುರಿಗೆ ಹೋಗಿ ಸತ್ತ. ಅವನ ಹೊನ್ನಿನ ಕವಚ ನೋಡಿ ಇವನೇ ಚಕ್ರವರ್ತಿ ಎಂದುಕೊಂಡ ರುಸ್‌ಗಳು ತಲೆ ಕಡಿದು ಬುರುಜಿನ ಮೇಲೆ ನೆಟ್ಟರು.

ಕೋಟೆಯೊಳಗಿನ ಸಭೆಯ ಮುಂದೆ ಮೂರು ಮಾತು ಬಂದವು. ನಡುರಾತ್ರಿ ದೋಣಿ ಏರಿ ಜಾರಿಕೊಳ್ಳೋಣ: ಆದರೆ ಬೆಂಕಿ ಹಡಗುಗಳು ಎರಡೂ ಕಡೆ ಕಾದಿವೆ, ಮಳೆಯ ರಾತ್ರಿಯ ನಂತರ ಕಾವಲು ಇನ್ನೂ ಬಿಗಿ. ಸಂಧಿ ಮಾಡಿಕೊಳ್ಳೋಣ: ಹೆಚ್ಚು ಜೀವ ಉಳಿಯುವ ದಾರಿ, ಆದರೆ ಸೋಲದ ದೊರೆ ಎಂಬ ಹೆಸರು ಹೋಗುತ್ತದೆ. ಆ ಹೆಸರೇ ಅವನ ದಂಡನ್ನು ಹಿಡಿದಿಟ್ಟಿದ್ದದ್ದು. ಕಾದೋಣ: ಸ್ವ್ಯಾತೊಸ್ಲಾವ್ ಆರಿಸಿದ್ದು ಇದನ್ನು. ಮರುದಿನ ಎಲ್ಲರೂ ಹೊರಬಂದ ಮೇಲೆ, ಯಾರೂ ಹಿಂದೆ ಓಡದಿರಲಿ ಎಂದು ಕೋಟೆ ಬಾಗಿಲನ್ನು ಹಾಕಿಸಿದ.

ಅವತ್ತು ರುಸ್‌ಗಳು ಮೊದಲರ್ಧ ಗೆದ್ದೇ ಇದ್ದರು. ನಡು ಬೇಸಿಗೆಯ ಮಧ್ಯಾಹ್ನ, ಕವಚದೊಳಗೆ ಬೇಯುತ್ತಿದ್ದ ತನ್ನವರಿಗೆ ಚಕ್ರವರ್ತಿ ದ್ರಾಕ್ಷಾರಸ, ನೀರು ಹೊರಿಸಿ ಕಳಿಸಬೇಕಾಯಿತು. ಜಾಗ ಇಕ್ಕಟ್ಟು; ಕುದುರೆ ತಿರುಗಿಸಲು ಎಡೆಯಿಲ್ಲದ ಕಡೆ ರಾವುತನೂ ಒಬ್ಬ ಕೆಟ್ಟ ಕಾಲಾಳು. ಆಗ ಅವನು ಹಿಮ್ಮೆಟ್ಟಲು ಹೇಳಿದ. ರುಸ್‌ಗಳು ಕೂಗುತ್ತ ಬೆನ್ನಟ್ಟಿದರು, ಬಯಲಿಗೆ ಬಂದರು, ಗೋಡೆಯ ಸಾಲು ಹಿಗ್ಗಿತು. ಅಲ್ಲಿ ಬೈಜಾಂಟೈನರು ತಿರುಗಿ ಬಿದ್ದರು, ಸ್ಕ್ಲೆರೊಸ್ ಸುತ್ತಿಕೊಂಡು ಬಂದು ಕೋಟೆಗೂ ಅವರಿಗೂ ನಡುವೆ ಸೇರಿಕೊಂಡ. ಕ್ರೀಟ್‌ನ ಕೊನೆಯ ಎಮೀರನ ಮಗ ಅನೆಮಾಸ್, ಈಗ ಚಕ್ರವರ್ತಿಯ ಅಂಗರಕ್ಷಕ, ಸ್ವ್ಯಾತೊಸ್ಲಾವ್‌ನ ಕೊರಳ ಬುಡಕ್ಕೇ ಕತ್ತಿ ಬೀಸಿದ. ಕವಚ ತಡೆಯಿತು, ದೊರೆ ಉರುಳಿದ, ಅನೆಮಾಸ್ ಸತ್ತ. ದಕ್ಷಿಣದಿಂದ ಎದ್ದ ದೂಳಿನ ಬಿರುಗಾಳಿ ರುಸ್‌ಗಳ ಮುಖಕ್ಕೆ ರಾಚಿತು. ಬಿಳಿ ಕುದುರೆಯ ಮೇಲೆ ಸಂತ ಥಿಯೊಡೋರ್ ಬಂದು ಕಾದಿದ ಎಂದು ಸೈನಿಕರು ನಂಬಿದರು, ಚಕ್ರವರ್ತಿ ಆ ಸಂತನ ಹೆಸರಿನಲ್ಲಿ ಊರಿಗೇ ಥಿಯೊಡೊರೊಪೊಲಿಸ್ ಎಂದು ಹೆಸರಿಟ್ಟ. ಬಿರುಗಾಳಿಯನ್ನು ಹೇಳಿ, ಸಂತನನ್ನೂ ಹೇಳಿ. ಆದರೆ ಗಾಳಿ ಬರುವ ಮೊದಲೇ ರುಸ್‌ಗಳು ಬಯಲಿಗೆ ಬಂದಾಗಿತ್ತು ಎಂಬುದನ್ನು ಮರೆಯದೆ ಹೇಳಿ. ರುಸ್ ಕಡೆ 15,500 ಸತ್ತರು, ನಮ್ಮವರು 350 ಎನ್ನುತ್ತಾನೆ ಲಿಯೊ. ಇಂಥ ಅಂಕಿಗಳ ಗತಿ ಮೇಲೆ ಹೇಳಿಯಾಗಿದೆ.

ಹಾಗಾದರೆ ರುಸ್ ವೃತ್ತಾಂತ ಗೆದ್ದೆವು ಎನ್ನುವುದು ಹೇಗೆ? ಚಿನ್ನ, ರೇಷ್ಮೆ ಕಳಿಸಿದರೆ ಸ್ವ್ಯಾತೊಸ್ಲಾವ್ ಕಣ್ಣೆತ್ತಿ ನೋಡಲಿಲ್ಲ, ಕತ್ತಿ ಕಳಿಸಿದಾಗ ಮುದ್ದಿಸಿದ, ಹೆದರಿದ ಗ್ರೀಕರು ಕಪ್ಪ ಕೊಟ್ಟರು ಎಂದು ಅದು ಹೇಳುತ್ತದೆ. ಆದರೆ ಅದೇ ಬರಹ ಮುಂದೆ ಒಪ್ಪಂದದ ಪಾಠವನ್ನೇ ನಕಲು ಮಾಡಿ ಇಟ್ಟಿದೆ: 971ರ ಜುಲೈ, ಊರು ದೆರೆಸ್ತರ್, ಸ್ವ್ಯಾತೊಸ್ಲಾವ್ ಮತ್ತು ಅವನ ಸೇನಾನಿ ಸ್ವೆನೆಲ್ಡ್‌ರ ಹೆಸರು. ನಿಮ್ಮ ನಾಡಿನ ಮೇಲೆ, ಖೆರ್ಸೊನ್ (ಕ್ರೈಮಿಯದಲ್ಲಿದ್ದ ಬೈಜಾಂಟೈನ್ ಊರು) ಮೇಲೆ, ಬಲ್ಗೇರಿಯದ ಮೇಲೆ ಬರುವುದಿಲ್ಲ, ಬೇರೆ ಯಾರನ್ನೂ ಎತ್ತಿಕಟ್ಟುವುದಿಲ್ಲ, ಬೇರೆಯವರು ಬಂದರೆ ನಾನೇ ಕಾದುತ್ತೇನೆ. ತಪ್ಪಿದರೆ ಪೆರೂನ್ ಮತ್ತು ವೊಲೊಸ್ ದೇವರ ಶಾಪ ತಟ್ಟಲಿ, ಚಿನ್ನದಂತೆ ಹಳದಿಯಾಗಿ ಹೋಗೋಣ ಎಂಬ ಆಣೆ. ಇದರಲ್ಲಿ ಭಾಷೆ ಕೊಡುತ್ತಿರುವವರು ರುಸ್‌ಗಳು ಮಾತ್ರ. ಗೆದ್ದವನು ಇಂಥ ಕಾಗದಕ್ಕೆ ಮುದ್ರೆ ಒತ್ತುವುದಿಲ್ಲ. ಕಥೆಗೂ ಕಾಗದಕ್ಕೂ ಜಗಳ ಬಂದರೆ ನಾನು ಕಾಗದದ ಕಡೆ.

ಆದರೂ 'ನಿರ್ನಾಮ' ಎಂಬ ಪದ ಬಳಸಬೇಡಿ. ಸಾವಿರಾರು ಜನ ಧಾನ್ಯ ಪಡೆದು, ದೋಣಿ ಏರಿ, ಯಾರೂ ಬೆಂಕಿ ಹಚ್ಚದೆ ನದಿ ಇಳಿದರು. ಅವರ ವ್ಯಾಪಾರಿಗಳಿಗೆ ಕಾನ್‌ಸ್ಟಾಂಟಿನೋಪಲ್ ಮೊದಲಿನಂತೆ ತೆರೆಯಿತು. ಚಕ್ರವರ್ತಿಗೆ ಬೇಕಿದ್ದದ್ದು ಬಲ್ಗೇರಿಯ, ಅದು ಸಿಕ್ಕಿತು. ಅಲ್ಲಿನ ರಾಜ ಎರಡನೇ ಬೋರಿಸ್‌ನ ಕಿರೀಟವನ್ನು ರಾಜಧಾನಿಯ ಮೆರವಣಿಗೆಯ ಕೊನೆಗೆ ತೆಗೆಸಿದ. ನಿಜವಾಗಿ ಸೋತವರು ಬಲ್ಗೇರಿಯನ್ನರು. ಎರಡೂ ಕಡೆಯ ವೃತ್ತಾಂತಗಳಲ್ಲಿ ಅವರಿಗೆ ಮಾತೇ ಇಲ್ಲ. ಮುತ್ತಿಗೆಗೆ ಮುನ್ನ ಸ್ವ್ಯಾತೊಸ್ಲಾವ್ ಕೊಲ್ಲಿಸಿದ 300 ಬಲ್ಗೇರಿಯನ್ ಗಣ್ಯರಿಗೆ ನಿಮ್ಮ ಕಂತಿನಲ್ಲಿ ಅರ್ಧ ನಿಮಿಷ ಕೊಡಿ.

ಕೊನೆಯ ಕೊಲೆಯ ಆರೋಪ. ಸ್ಕೈಲಿಟ್ಜೆಸ್ ಪ್ರಕಾರ ತ್ಸಿಮಿಸ್ಕೆಸ್ ಪೆಚೆನೆಗ್ ಅಲೆಮಾರಿಗಳ ಬಳಿಗೆ ದೂತನನ್ನು ಕಳಿಸಿದ್ದು ನಿಜ, ಆದರೆ ಕೇಳಿದ ವಿಷಯಗಳಲ್ಲಿ ಒಂದು ರುಸ್‌ಗಳಿಗೆ ದಾರಿ ಬಿಡಿ ಎಂಬುದು. ಅವರು ಉಳಿದದ್ದಕ್ಕೆಲ್ಲ ಒಪ್ಪಿ ಅದೊಂದಕ್ಕೆ ಒಲ್ಲೆ ಎಂದರು. ಬರುತ್ತಿದ್ದಾನೆ, ಲೂಟಿಯ ಹೊನ್ನು ಜೊತೆಗಿದೆ, ಆಳು ಕಡಿಮೆ ಎಂದು ಸುದ್ದಿ ಮುಟ್ಟಿಸಿದವರು ಪೆರೆಯಾಸ್ಲಾವೆಟ್ಸ್‌ನವರು ಎನ್ನುತ್ತದೆ ರುಸ್ ವೃತ್ತಾಂತ. ಚಕ್ರವರ್ತಿಯ ಒಳಮನಸ್ಸು ಏನಿತ್ತೋ, ಕೊಲ್ಲಿಸಿದ ಎನ್ನಲು ಪುರಾವೆಯಿಲ್ಲ. ನ್ಯೀಪರ್ ನದಿಯಲ್ಲಿ ಬಂಡೆಗಳ ನಡುವೆ ನೀರು ಧುಮ್ಮಿಕ್ಕುವ ಏಳು ಜಾಗಗಳಿದ್ದವು. ದೊಡ್ಡದಾದ ನಾಲ್ಕನೆಯದರ ಹತ್ತಿರ ಸರಕು ಇಳಿಸಿ, ಗುಲಾಮರನ್ನು ಸರಪಳಿಯಲ್ಲೇ ಆರು ಮೈಲಿ ನಡೆಸಿ, ದೋಣಿಯನ್ನು ಎಳೆದೋ ಹೊತ್ತೋ ಸಾಗಿಸಬೇಕು. ಪೆಚೆನೆಗರಿಗೆ ಅಲ್ಲೇ ಬೇಟೆ ಎಂದು ಚಕ್ರವರ್ತಿ ಏಳನೇ ಕಾನ್‌ಸ್ಟಾಂಟೀನ್ ಎರಡು ದಶಕ ಮೊದಲೇ ಬರೆದಿಟ್ಟಿದ್ದ. ದೋಣಿ ಬೇಡ, ಕುದುರೆ ಮೇಲೆ ಸುತ್ತಿ ಹೋಗೋಣ ಎಂದ ಸ್ವೆನೆಲ್ಡ್‌ನ ಮಾತನ್ನು ದೊರೆ ಕೇಳಲಿಲ್ಲ. ದಾರಿ ಕಟ್ಟಿದ್ದು ಕಂಡು ನದಿಯ ಬಾಯಲ್ಲೇ ಚಳಿಗಾಲ ಕಳೆಯಬೇಕಾಯಿತು. ಮೂರೂವರೆ ವಾರದ ಆ ಬುತ್ತಿ ಅಷ್ಟರಲ್ಲಿ ಎಲ್ಲಿ ಉಳಿದೀತು? ಕುದುರೆಯ ತಲೆ ಅರ್ಧ ಗ್ರಿವ್ನಾಗೆ (ಗ್ರಿವ್ನಾ ಆಗಿನ ರುಸ್ ಹಣದ ಮಾನ) ಮಾರಾಟವಾಯಿತು. 972ರ ವಸಂತದಲ್ಲಿ ಆ ಬಂಡೆಗಳ ಬಳಿ ಪೆಚೆನೆಗ್ ನಾಯಕ ಕೂರ್ಯ ಅವನನ್ನು ಕೊಂದು ತಲೆಬುರುಡೆಗೆ ಕಟ್ಟು ಹಾಕಿಸಿ ಬಟ್ಟಲು ಮಾಡಿಸಿಕೊಂಡ ಎಂಬುದು ರುಸ್ ವೃತ್ತಾಂತದ ಮಾತು. ಸ್ವೆನೆಲ್ಡ್ ಕೀವ್ ಸೇರಿದ.

ಧ್ವನಿ ಮುದ್ರಿಸುವ ಮುನ್ನ ಸರಿಮಾಡಿಕೊಳ್ಳಬೇಕಾದ ಕೆಲವು ಸಣ್ಣ ಸಂಗತಿಗಳಿವೆ. ಕಾಮೆಂಟಿನವರು ಹಿಡಿಯುವುದು ಹೆಚ್ಚಾಗಿ ಇವನ್ನೇ. ಡ್ಯಾನ್ಯೂಬ್ ದಡದ ಪೆರೆಯಾಸ್ಲಾವೆಟ್ಸ್ ಬೇರೆ, ರಾಜಧಾನಿ ಪ್ರೆಸ್ಲಾವ್ ಬೇರೆ, ಉಕ್ರೇನಿನ ಪೆರೆಯಾಸ್ಲಾವ್ ಮೂರನೆಯದು. ದೊರೊಸ್ಟೊಲೊನ್ ಎಂದರೆ ಇಂದಿನ ಬಲ್ಗೇರಿಯದ ಸಿಲಿಸ್ತ್ರಾ. ಅರ್ಕಾಡಿಯೊಪೊಲಿಸ್ ಇಂದಿನ ಟರ್ಕಿಯ ಲೂಲೆಬುರ್ಗಾಜ್. ಕೊನೆಯ ಕಾಳಗಕ್ಕೆ ಜುಲೈ 21, ಜುಲೈ 24 ಎಂಬ ಎರಡು ತಾರೀಖು ಕಾಣುತ್ತವೆ. ಮೂಲದಲ್ಲಿ ಶುಕ್ರವಾರ ಎಂದಿದೆ, ಆ ವರ್ಷ ಶುಕ್ರವಾರ ಬಿದ್ದದ್ದು 21ಕ್ಕೆ. ಸ್ಕೈಲಿಟ್ಜೆಸ್ ಮುತ್ತಿಗೆ 65 ದಿನ ಎನ್ನುತ್ತಾನೆ, ಏಪ್ರಿಲ್ 23ರಿಂದ ಎಣಿಸಿದರೆ 89 ಬರುತ್ತದೆ. ಎರಡರಲ್ಲಿ ಯಾವುದನ್ನು ಹೇಳಿದರೂ ಎಲ್ಲಿಂದ ಎಣಿಸಿದಿರಿ ಎಂದು ಹೇಳಿ. ಇನ್ನು ಮುಖಪುಟದ ಚಿತ್ರಕ್ಕೆ ಕೊಂಬಿನ ಶಿರಸ್ತ್ರಾಣದ ಗಡ್ಡಧಾರಿ ಬೇಡವೇ ಬೇಡ. ಸಂಧಿಯ ನಂತರ ಚಕ್ರವರ್ತಿಯನ್ನು ನೋಡಲು ಬಂದ ಸ್ವ್ಯಾತೊಸ್ಲಾವ್ ಹೇಗಿದ್ದನೆಂದು ಲಿಯೊ ಬರೆದಿದ್ದಾನೆ: ನಡು ಎತ್ತರ, ದಪ್ಪ ಕತ್ತು, ಮೊಂಡು ಮೂಗು, ಗಡ್ಡವಿಲ್ಲದ ಮುಖಕ್ಕೆ ಉದ್ದನೆಯ ದಟ್ಟ ಮೀಸೆ, ಬೋಳಿಸಿದ ತಲೆಯ ಒಂದು ಪಕ್ಕಕ್ಕೆ ಇಳಿಬಿದ್ದ ಜುಟ್ಟು, ಒಂದು ಕಿವಿಗೆ ಮಾತ್ರ ಎರಡು ಮುತ್ತಿನ ನಡುವೆ ಕೆಂಪು ಹರಳಿನ ಚಿನ್ನದ ಒಂಟಿ, ಉಳಿದವರದ್ದಕ್ಕಿಂತ ಶುಭ್ರ ಎಂಬುದನ್ನು ಬಿಟ್ಟರೆ ಬೇರೆಯೇನೂ ಅಲ್ಲದ ಬಿಳಿ ಬಟ್ಟೆ. ಉಳಿದವರ ಜೊತೆ ತಾನೂ ಹುಟ್ಟು ಹಾಕುತ್ತ ಬಂದ. ಹೊನ್ನಿನ ಕವಚ ತೊಟ್ಟು ಕುದುರೆ ಮೇಲೆ ಕೂತಿದ್ದ ಚಕ್ರವರ್ತಿಯೊಡನೆ ದೋಣಿಯ ಹಲಗೆ ಬಿಟ್ಟೇಳದೆ ನಾಲ್ಕು ಮಾತಾಡಿ, ಹಾಗೇ ತಿರುಗಿ ಹೋದ.